ಕೇಳಿ, ಹೇಳ್ತೀವಿ: ಒಬ್ಬಳೇ ಹುಡುಗಿಗೆ ಕಾಲೇಜು ತೆರೆದ ಸರ್ಕಾರ

ಕಳೆದ ಸಂಚಿಕೆಯಲ್ಲಿ ಒಂದು ಸಣ್ಣ ಬಾಕ್ಸ್ ಹಾಕಿದ್ವಿ. ಕಾದಂಬಿನಿ ಬಸು, ಚಂದ್ರಮುಖಿ ಬಸು ಅನ್ನೋ ಇಬ್ಬರು 1883ರಲ್ಲಿ ಕಲ್ಕತ್ತಾ ಯೂನಿವರ್ಸಿಟಿಯಿಂದ ಬಿ.ಎ. ಡಿಗ್ರಿ ತಗೊಂಡು ನಮ್ಮ ದೇಶದ ಮೊದಲ ಮಹಿಳಾ ಪದವೀಧರೆಯರಾದ್ರು, ಓದಿದ್ದು ಅಲ್ಲಿನ ಬೆಥೂನ್ ಕಾಲೇಜಲ್ಲಿ, ಒಬ್ಬಳೇ ವಿದ್ಯಾರ್ಥಿನಿಗಾಗಿ ಶುರುವಾದ ಸರ್ಕಾರಿ ಕಾಲೇಜು ಅದು ಅಂತ. ನಾಲ್ಕು ಸಾಲು ಅಷ್ಟೇ ಇದ್ದಿದ್ದು, ಅದಕ್ಕೆ ಬಂದ ಪತ್ರ ನೋಡಿದ್ರೆ ಈ ಸಲದ ಕಾಲಂ ಪೂರ್ತಿ ಅದಕ್ಕೇ ಬಿಟ್ಟುಕೊಡ್ಬೇಕಾಯ್ತು. ಗ್ಯಾಸ್ ಸಬ್ಸಿಡಿ, ಖಾತೆ ಬದಲಾವಣೆ ಬಗ್ಗೆ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ತಡ್ಕೊಳ್ಳಿ.

ಪ್ರಶ್ನೆ: ಬೆಥೂನ್ ಕಾಲೇಜು ಸರ್ಕಾರಿ ಕಾಲೇಜು ಅಂತೀರಾ, ಹೆಸರು ನೋಡಿದ್ರೆ ಯಾರೋ ಇಂಗ್ಲಿಷ್ ಸಾಹೇಬರದ್ದು. ಸರ್ಕಾರ ಕಟ್ಟಿದ್ದಾ, ಸಾಹೇಬರು ಸ್ವಂತ ದುಡ್ಡಲ್ಲಿ ಕಟ್ಟಿದ್ದಾ? ಯಾವ ಉದ್ದೇಶ ಇಟ್ಕೊಂಡು ಶುರು ಮಾಡಿದ್ರು?
(ಪದವಿ ಕಾಲೇಜಿನ ಉಪನ್ಯಾಸಕಿ, ಶಿವಮೊಗ್ಗ)

ಉತ್ತರ: ಮೇಡಂ, ಎರಡೂ ಹೌದು. ಆದ್ರೆ ಸರ್ಕಾರ ಬಂದಿದ್ದು ಆಮೇಲೆ.

ಜಾನ್ ಎಲಿಯಟ್ ಡ್ರಿಂಕ್‌ವಾಟರ್ ಬೆಥೂನ್ ಅಂತ ಅವರ ಪೂರ್ತಿ ಹೆಸರು. 1848ರಲ್ಲಿ ಕಲ್ಕತ್ತಾಗೆ ಬಂದ್ರು, ಗವರ್ನರ್ ಜನರಲ್ ಕೌನ್ಸಿಲ್‌ನಲ್ಲಿ ಕಾನೂನು ಸದಸ್ಯರು, ಜೊತೆಗೆ ಶಿಕ್ಷಣ ಮಂಡಳಿಗೆ ಅಧ್ಯಕ್ಷರು. ಅಂದ್ರೆ ದೊಡ್ಡ ಹುದ್ದೆಯ ಸರ್ಕಾರಿ ಅಧಿಕಾರಿನೇ. ಆದ್ರೆ ಹೆಣ್ಣುಮಕ್ಕಳ ಶಾಲೆ ತೆಗೀಬೇಕು ಅಂತ ಹೊರಟಾಗ ಸರ್ಕಾರದ ದುಡ್ಡು ಮುಟ್ಟೋ ಹಾಗಿರಲಿಲ್ಲ, ಯಾಕಂದ್ರೆ ಕಂಪನಿ ಸರ್ಕಾರಕ್ಕೆ ಈ ಜನರ ಮನೆ ಒಳಗಿನ ವಿಷಯಕ್ಕೆ ಕೈ ಹಾಕೋದು ಅಂದ್ರೆ ಭಯ. ಹಾಗಾಗಿ ಅವರು ಜೇಬಿಗೆ ಕೈ ಹಾಕಿದ್ರು. ಊರಿನವರೂ ಕೈ ಜೋಡಿಸಿದ್ರು. ದಕ್ಷಿಣಾರಂಜನ ಮುಖರ್ಜಿ ಅನ್ನೋರು ಸುಕಿಯಾ ಸ್ಟ್ರೀಟ್‌ನಲ್ಲಿದ್ದ ತಮ್ಮ ಬೈಠಕ್‌ಖಾನೆ, ಅಂದ್ರೆ ಅತಿಥಿಗಳು ಬಂದು ಕೂರೋ ಮನೆ, ಬಿಟ್ಟುಕೊಟ್ರು, ಶಾಲೆಗೆ ಅಂತ ಜಾಗಾನೂ ಕೊಟ್ರು. ರಾಮಗೋಪಾಲ ಘೋಷ್ ಅನ್ನೋ ವ್ಯಾಪಾರಿ ಓಡಾಡಿ ಜನ ಸೇರಿಸಿದ್ರು. 1849ರ ಮೇ 7ಕ್ಕೆ ಶಾಲೆ ಶುರು, ಮೊದಲ ದಿನ 21 ಹುಡುಗೀರು.

ಆ 21 ಜನರಲ್ಲಿ ಇಬ್ಬರ ಹೆಸರು ಇವತ್ತಿಗೂ ಉಳಿದಿದೆ, ಭುವನಮಾಲಾ ಮತ್ತೆ ಕುಂದಮಾಲಾ. ಅವರಪ್ಪ ಮದನಮೋಹನ ತರ್ಕಾಲಂಕಾರ, ಸಂಸ್ಕೃತ ಕಾಲೇಜಿನ ಪಂಡಿತರು. ತರ್ಕಾಲಂಕಾರ ಅಂತ ಬಿರುದು ಇಟ್ಕೊಂಡ ಬ್ರಾಹ್ಮಣ ಪಂಡಿತರು ತಮ್ಮ ಮಕ್ಕಳನ್ನೇ ಸಾಹೇಬರ ಶಾಲೆಗೆ ಕಳಿಸಿದ್ದಕ್ಕೆ ಊರವರು ಅವರನ್ನ ಬಹಿಷ್ಕಾರ ಹಾಕಿದ್ರು. ಅವರು ಹಿಂದೆ ಸರೀಲಿಲ್ಲ, ಉಲ್ಟಾ ಸಂಬಳ ಇಲ್ಲದೇ ಪಾಠ ಹೇಳಿದ್ರು, ಮಕ್ಕಳಿಗೆ ಬಂಗಾಳಿ ಅಕ್ಷರಮಾಲೆ ಪುಸ್ತಕಾನೂ ಬರೆದುಕೊಟ್ರು. ಪಠ್ಯಪುಸ್ತಕ ಸಮಿತಿ ಅಂತ ವರ್ಷಗಟ್ಟಲೆ ಕೂರೋ ನಮ್ಮ ಕಾಲದಲ್ಲಿ ಇದನ್ನ ಓದಿದ್ರೆ ಹೊಟ್ಟೆ ಉರಿಯುತ್ತೆ, ಇರಲಿ.

1850ರ ಕೊನೆಯಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ಕಾರ್ಯದರ್ಶಿ ಆದ್ರು. ಹುಡುಗೀರನ್ನ ಮನೆಯಿಂದ ಕರ್ಕೊಂಡು ಬರೋಕೆ ಕುದುರೆ ಗಾಡಿ ಇತ್ತು. ಆ ಗಾಡಿಯ ಪಕ್ಕಕ್ಕೆ ವಿದ್ಯಾಸಾಗರರು ಒಂದು ಸಂಸ್ಕೃತ ಸಾಲು ಬರೆಸಿದ್ರು: ‘ಕನ್ಯಾಪ್ಯೇವಂ ಪಾಲನೀಯಾ ಶಿಕ್ಷಣೀಯಾತಿಯತ್ನತಃ’. ಮಗನ ಹಾಗೆ ಮಗಳನ್ನೂ ಸಾಕಬೇಕು, ತುಂಬಾ ಮುತುವರ್ಜಿಯಿಂದ ಓದಿಸಬೇಕು ಅಂತ. ಬೀದಿಯಲ್ಲಿ ನಿಂತು ಬೈಯೋರು ಯಾವ ಶಾಸ್ತ್ರದ ಹೆಸರು ಹೇಳ್ಕೊಂಡು ಬೈತಿದ್ರೋ, ಅದೇ ಭಾಷೆಯಲ್ಲಿ ಉತ್ತರ ಗಾಡಿ ಮೇಲೇ ಓಡಾಡ್ತಿತ್ತು. ಕಾಲೇಜಿನ ಉದ್ದೇಶ ಏನು ಅಂತ ಕೇಳಿದ್ರಲ್ಲ, ಪ್ರಾಸ್ಪೆಕ್ಟಸ್‌ನಲ್ಲಿ ಎರಡು ಪುಟ ಬರೆದ್ರೂ ಇಷ್ಟು ಚೆನ್ನಾಗಿ ಹೇಳೋಕಾಗಲ್ಲ.

ಬೆಥೂನ್ ಜಾಸ್ತಿ ದಿನ ಬದುಕಲಿಲ್ಲ. 1851ರ ಆಗಸ್ಟ್‌ನಲ್ಲಿ ಕಲ್ಕತ್ತಾದಲ್ಲೇ ತೀರ್ಕೊಂಡ್ರು, ಇಲ್ಲಿದ್ದ ಆಸ್ತಿಯನ್ನ ಶಾಲೆಗೆ ಬರೆದಿಟ್ಟು ಹೋದ್ರು. ಆಮೇಲೆ ಖರ್ಚು ನೋಡ್ಕೊಂಡಿದ್ದು ಯಾರು ಗೊತ್ತಾ, ಲಾರ್ಡ್ ಡಾಲ್‌ಹೌಸಿ! ನಮ್ಮ ಸ್ಕೂಲ್ ಪುಸ್ತಕದಲ್ಲಿ ‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ಅಂತ ರಾಜ್ಯ ನುಂಗಿದ ವಿಲನ್ ಅವನೇ. ಅದೂ ಸರ್ಕಾರದ ಖಜಾನೆಯಿಂದ ಅಲ್ಲ, ಸ್ವಂತ ದುಡ್ಡಿಂದ. ಅವನು 1856ರಲ್ಲಿ ಊರು ಬಿಟ್ಟ ಮೇಲೆ ಸರ್ಕಾರ ಶಾಲೆಯನ್ನ ವಹಿಸ್ಕೊಳ್ತು. ಅಷ್ಟೊತ್ತಿಗೆ 1854ರ ವುಡ್ಸ್ ಡಿಸ್ಪ್ಯಾಚ್, ಅಂದ್ರೆ ಲಂಡನ್‌ನಿಂದ ಕಳಿಸಿದ ಶಿಕ್ಷಣ ನೀತಿಯ ಪತ್ರ, ಬಂದಿತ್ತು, ಹೆಣ್ಣುಮಕ್ಕಳ ಶಿಕ್ಷಣಕ್ಕೆ ಸರ್ಕಾರ ಬೆಂಬಲ ಕೊಡಬೇಕು ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದ್ರು, ಇವತ್ತಿನ ನಮ್ಮ ಅನುದಾನಿತ ಶಾಲೆ ಕಾಲೇಜುಗಳ ಗ್ರಾಂಟ್ ಪದ್ಧತಿಗೂ ಬೇರು ಅದೇ ಕಾಗದ.

ಹಾಗಂತ ಸರ್ಕಾರ ಬದಲಾಗಿಬಿಡ್ತು ಅಂತ ನಂಬಬೇಡಿ. ವಿದ್ಯಾಸಾಗರರು ಅದೇ ಭರವಸೆ ಮೇಲೆ 1857ರ ಕೊನೆಯಿಂದ ಆರೇಳು ತಿಂಗಳಲ್ಲಿ ಹೂಗ್ಲಿ, ಬರ್ದ್ವಾನ್, ಮೇದಿನೀಪುರ, ನಾಡಿಯಾ ಹಳ್ಳಿಗಳಲ್ಲಿ 35 ಹೆಣ್ಣುಮಕ್ಕಳ ಶಾಲೆ ತೆಗೆದ್ರು. ಗ್ರಾಂಟ್ ಬರುತ್ತೆ ಅನ್ಕೊಂಡಿದ್ರು, ಬರಲಿಲ್ಲ. ದಂಗೆ ಆದ ವರ್ಷ, ಖಜಾನೆ ಖಾಲಿ, ಸಾಹೇಬರಿಗೆ ಬೇರೆ ಚಿಂತೆ. ಮೇಷ್ಟ್ರುಗಳ ಸಂಬಳದ ಭಾರ ವಿದ್ಯಾಸಾಗರರ ತಲೆ ಮೇಲೇ ಬಂತು, 1858ರಲ್ಲಿ ಅವರು ಸರ್ಕಾರಿ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದಕ್ಕೆ ಇದೂ ಒಂದು ಕಾರಣ. ಕಲ್ಕತ್ತಾದ ಆ ಒಂದು ಶಾಲೆ ಉಳೀತು, ಹಳ್ಳಿ ಶಾಲೆಗಳು ಸೊರಗಿದ್ವು. ನಾನು ಕೇಳಿದ್ರೆ ಸರ್ಕಾರಿ ದುಡ್ಡಿನ ಕಥೆ ಬಂಗಾಳದಲ್ಲಿ ಹೀಗೇ, ಯಾರೋ ಒಬ್ಬರು ಮನೆ ಮಠ ಮಾರ್ಕೊಂಡು ಶುರು ಮಾಡ್ಬೇಕು, ನಿಂತ್ಕೊಳ್ತು ಅಂತ ಗೊತ್ತಾದ ಮೇಲೆ ಸರ್ಕಾರ ಬಂದು ಬೋರ್ಡ್ ಹಾಕುತ್ತೆ. ಆದ್ರೆ ಬೋರ್ಡ್ ಹಾಕಿದ ಮೇಲೆ ಬಾಗಿಲು ಮುಚ್ಚಲಿಲ್ಲ ಅನ್ನೋದನ್ನೂ ಹೇಳ್ಬೇಕು.

ಇನ್ನೊಂದು ಮಾತು ಹೇಳಲೇಬೇಕು. ಆಗ ಆ ಶಾಲೆಗೆ ಸೇರ್ತಿದ್ದಿದ್ದು ‘ಗೌರವಸ್ಥ’ ಹಿಂದೂ ಮನೆತನದ ಹುಡುಗೀರು ಮಾತ್ರ. ಶಾಲೆಯ ಹೆಸರೇ ಹಿಂದೂ ಫೀಮೇಲ್ ಸ್ಕೂಲ್ ಅಂತಿತ್ತು. ಅದಕ್ಕೆ ಒಂದು ವರ್ಷ ಮುಂಚೆ, 1848ರಲ್ಲಿ, ಪುಣೆಯಲ್ಲಿ ಫುಲೆ ದಂಪತಿ ಹೆಣ್ಣುಮಕ್ಕಳ ಶಾಲೆ ತೆಗೆದಿದ್ರು, ಮುಂದೆ ಮಹಾರ್, ಮಾಂಗ್ ಅನ್ನೋ ದಲಿತ ಜಾತಿಗಳ ಮಕ್ಕಳಿಗೂ ಶಾಲೆ ಮಾಡಿದ್ರು. ಅವರ ಹಿಂದೆ ಯಾವ ಕೌನ್ಸಿಲ್ ಸದಸ್ಯನೂ ಇರಲಿಲ್ಲ. ಬೆಥೂನ್ ಶಾಲೆಯನ್ನ ಹೊಗಳುವಾಗ ಈ ವ್ಯತ್ಯಾಸ ಮರೀಬಾರದು.

ಪ್ರಶ್ನೆ: ಬಾಕ್ಸ್‌ನಲ್ಲಿ ‘ಒಬ್ಬಳೇ ವಿದ್ಯಾರ್ಥಿನಿಗಾಗಿ ಕಾಲೇಜು’ ಅಂತ ಬರೆದಿದ್ರಿ. ನಮ್ಮೂರಲ್ಲಿ ಹತ್ತು ಮಕ್ಕಳಿಲ್ಲ ಅಂತ ಸರ್ಕಾರಿ ಶಾಲೆ ಮುಚ್ತಿದ್ದಾರೆ. ಇದು ನಿಜನಾ, ಅಥವಾ ಸುಮ್ನೆ ಕಟ್ಟುಕಥೆನಾ?
(ಎಸ್‌ಡಿಎಂಸಿ ಸದಸ್ಯರು, ಹಾವೇರಿ ಜಿಲ್ಲೆ)

ಉತ್ತರ: ನಿಜ ಸರ್.

ಬೆಥೂನ್ ಶಾಲೆ ಸರ್ಕಾರದ ಕೈಗೆ ಬಂದ್ಮೇಲೆ ಮಲ್ಕೊಂಡಿತ್ತು ಅಂತಾನೇ ಹೇಳ್ಬಹುದು. ಹುಡುಗೀರು ಚಿಕ್ಕ ವಯಸ್ಸಲ್ಲಿ ಬರ್ತಿದ್ರು, ಮದುವೆ ಆಗ್ತಿದ್ದ ಹಾಗೆ ಬಿಟ್ಟು ಹೋಗ್ತಿದ್ರು. ಎಬ್ಬಿಸಿದ್ದು ಹೊರಗಿನವರು. ಬ್ರಾಹ್ಮ ಸಮಾಜದ ದ್ವಾರಕಾನಾಥ ಗಂಗೂಲಿ ಮತ್ತೆ ಅವರ ಗೆಳೆಯರು, ಇಂಗ್ಲೆಂಡಿಂದ ಬಂದ ಆನೆಟ್ ಅಕ್ರಾಯ್ಡ್ ಜೊತೆ ಸೇರಿ 1873ರಲ್ಲಿ ದೊಡ್ಡ ಹುಡುಗೀರಿಗೆ ಒಂದು ಬೋರ್ಡಿಂಗ್ ಶಾಲೆ ತೆಗೆದಿದ್ರು, ಅದು ನಿಂತು ಹೋಗಿ 1876ರಲ್ಲಿ ಬಂಗ ಮಹಿಳಾ ವಿದ್ಯಾಲಯ ಅಂತ ಮತ್ತೆ ಎದ್ದಿತು. ಪಾಠ ಅಲ್ಲಿ ಚೆನ್ನಾಗಿತ್ತು, ದುಡ್ಡಿರಲಿಲ್ಲ. ಬೆಥೂನ್ ಶಾಲೆಯಲ್ಲಿ ಕಟ್ಟಡ ಇತ್ತು, ಸರ್ಕಾರದ ದುಡ್ಡಿತ್ತು, ಪಾಠ ಅಷ್ಟಕ್ಕಷ್ಟೇ. 1878ರಲ್ಲಿ ಎರಡನ್ನೂ ಒಂದು ಮಾಡಿದ್ರು.

ಹಾಗೆ ಒಳಗೆ ಬಂದವಳು ಕಾದಂಬಿನಿ. ಎಂಟ್ರೆನ್ಸ್ ಅಂದ್ರೆ ಈಗಿನ ಎಸ್‌ಎಸ್‌ಎಲ್‌ಸಿ ಥರ ಅನ್ಕೊಳ್ಳಿ, ಯೂನಿವರ್ಸಿಟಿನೇ ನಡೆಸ್ತಿದ್ದ ಪರೀಕ್ಷೆ. ಹುಡುಗೀರು ಬರೀಬಹುದಾ ಅನ್ನೋದೇ ಸೆನೆಟ್‌ನಲ್ಲಿ ಚರ್ಚೆ ಆಗಿ ಒಪ್ಪಿಗೆ ಸಿಕ್ಕಿತ್ತು. ಕಾದಂಬಿನಿ ಜೊತೆ ಸರಳಾ ದಾಸ್ ಅನ್ನೋ ಇನ್ನೊಬ್ಬ ಹುಡುಗಿನೂ ತಯಾರಾಗಿದ್ಲು, ಅಷ್ಟರಲ್ಲಿ ಅವಳಿಗೆ ಮದುವೆ ಆಯ್ತು, ಪರೀಕ್ಷೆಗೆ ಕೂರಲಿಲ್ಲ. (ಆದ್ರೆ ಅವರೂ ಸುಮ್ನೆ ಕೂತವರಲ್ಲ, ಮುಂದೆ 1920ರಲ್ಲಿ ಸರಳಾ ರಾಯ್ ಆಗಿ ಕಲ್ಕತ್ತಾದಲ್ಲಿ ಗೋಖಲೆ ಹೆಸರಲ್ಲಿ ಒಂದು ಹೆಣ್ಣುಮಕ್ಕಳ ಶಾಲೆ ಕಟ್ಟಿದ್ರು, ಅದು ಈಗ್ಲೂ ಇದೆ.) ಕಾದಂಬಿನಿ ಒಬ್ಬಳೇ ಬರೆದು 1878ರಲ್ಲಿ ಪಾಸಾದ್ಲು.

ಮುಂದೇನು? ಎಫ್.ಎ. (ಈಗಿನ ಪಿಯುಸಿ ಥರ) ಓದ್ಬೇಕು ಅಂದ್ರೆ ಕಾಲೇಜು ಬೇಕು, ಇರೋ ಕಾಲೇಜೆಲ್ಲ ಹುಡುಗರದ್ದು. ಹೀಗಾಗಿ 1879ರಲ್ಲಿ ಬೆಥೂನ್ ಶಾಲೆಯಲ್ಲೇ ಕಾಲೇಜು ಕ್ಲಾಸು ಶುರು ಮಾಡಿದ್ರು, ರಿಜಿಸ್ಟರ್‌ನಲ್ಲಿ ಇದ್ದಿದ್ದು ಒಂದೇ ಹೆಸರು. ಆಜು ಬಾಜು ಬೆಂಚೆಲ್ಲ ಖಾಲಿ. ಹಾಜರಿ ಕೂಗೋದೇ ಬೇಡ.

ಬಿ.ಎ. ಹೊತ್ತಿಗೆ ಚಂದ್ರಮುಖಿ ಜೊತೆಯಾದ್ರು. ಅವರ ಕಥೆ ನನಗೆ ಇನ್ನೂ ಮುಖ್ಯ ಅನ್ಸುತ್ತೆ. ಡೆಹ್ರಾಡೂನ್‌ನ ಬಂಗಾಳಿ ಕ್ರೈಸ್ತರ ಮನೆ ಹುಡುಗಿ, ಕಾದಂಬಿನಿಗಿಂತ ಮುಂಚೆ 1876ರಲ್ಲೇ ಎಂಟ್ರೆನ್ಸ್ ಬರೆದಿದ್ರು, ಆದ್ರೆ ಆಗಿನ್ನೂ ಹುಡುಗೀರಿಗೆ ಅಧಿಕೃತವಾಗಿ ಅವಕಾಶ ಇರಲಿಲ್ಲ, ಹಾಗಾಗಿ ಅದನ್ನ ಲೆಕ್ಕಕ್ಕೆ ತಗೊಳ್ಳಲಿಲ್ಲ. ಬೆಥೂನ್‌ನಲ್ಲಿ ಆಗ ಕ್ರೈಸ್ತ ಹುಡುಗೀರಿಗೆ ಸೀಟಿಲ್ಲ, ಎಫ್.ಎ.ಯನ್ನ ಮಿಷನ್ ಶಾಲೆಯಲ್ಲಿ ಓದಿದ್ರು. ಕೊನೆಗೆ ಬಿ.ಎ.ಗೆ ಬೆಥೂನ್ ಬಾಗಿಲು ತೆಗೆದ್ರು. ಸರ್ಕಾರದ ದುಡ್ಡಲ್ಲಿ ನಡೆಯೋ ಕಾಲೇಜು ಒಂದೇ ಧರ್ಮದ ಮಕ್ಕಳಿಗೆ ಅನ್ನೋ ನಿಯಮ ಇಟ್ಕೊಳ್ಳೋಕೆ ಆಗಲ್ಲ ಅನ್ನೋದು ಒಬ್ಬ ಹುಡುಗಿ ಅರ್ಜಿ ಹಿಡ್ಕೊಂಡು ಬಂದು ನಿಂತಾಗ ಎಲ್ರಿಗೂ ಅರ್ಥ ಆಯ್ತು. 1884ರಲ್ಲಿ ಎಂ.ಎ. ಮಾಡಿದ್ರು, ಅದೇ ಕಾಲೇಜಲ್ಲಿ ಮೇಡಂ ಆದ್ರು, 1888ರಲ್ಲಿ ಕಾಲೇಜು ಶಾಲೆಯಿಂದ ಬೇರೆ ಆದಾಗ ಪ್ರಿನ್ಸಿಪಾಲ್ ಆದ್ರು. ಸೇರಿಸ್ಕೊಳ್ಳೋಕೆ ಹಿಂದೆ ಮುಂದೆ ನೋಡಿದ ಜಾಗದಲ್ಲೇ ಪ್ರಿನ್ಸಿಪಾಲ್ ಕುರ್ಚಿ.

ಕಾದಂಬಿನಿ 1883ರಲ್ಲಿ ದ್ವಾರಕಾನಾಥ ಗಂಗೂಲಿಯವರನ್ನೇ ಮದುವೆ ಆದ್ರು, ಕಲ್ಕತ್ತಾ ಮೆಡಿಕಲ್ ಕಾಲೇಜು ಸೇರಿ ಡಾಕ್ಟರ್ ಆದ್ರು, ಆಮೇಲೆ ಬ್ರಿಟನ್‌ಗೂ ಹೋಗಿ ಡಿಪ್ಲೊಮಾ ತಗೊಂಡು ಬಂದ್ರು. 1891ರಲ್ಲಿ ಒಂದು ಬಂಗಾಳಿ ಪತ್ರಿಕೆ ಅವರ ಬಗ್ಗೆ ಬಾಯಿಗೆ ಬಂದ ಹಾಗೆ ಅಸಹ್ಯವಾಗಿ ಬರೀತು. ಗಂಡ ಹೆಂಡತಿ ಇಬ್ಬರೂ ಸುಮ್ನೆ ಬಿಡಲಿಲ್ಲ, ಕೋರ್ಟಿಗೆ ಎಳೆದ್ರು, ಸಂಪಾದಕನಿಗೆ ಆರು ತಿಂಗಳು ಜೈಲು, 100 ರೂಪಾಯಿ ದಂಡ. ಇವತ್ತು ಹೆಣ್ಣುಮಕ್ಕಳ ಬಗ್ಗೆ ಮೊಬೈಲಲ್ಲಿ ಕೂತು ಗೀಚೋರು ಇದನ್ನ ಓದ್ಬೇಕು.

ನಿಮ್ಮೂರ ಶಾಲೆ ವಿಷಯಕ್ಕೆ ಸರ್, 1879ರ ಸರ್ಕಾರ ಒಬ್ಬಳಿಗೆ ಖರ್ಚು ಮಾಡ್ತು ಅಂತ ನಿಮ್ಮ ಬಿಇಓ ಆಫೀಸಿಗೆ ಬರೆದು ನೋಡಿ. ಉತ್ತರ ಬಂದ್ರೆ ನಮಗೂ ಕಳಿಸಿ, ಪ್ರಿಂಟ್ ಹಾಕ್ತೀವಿ.

ಪ್ರಶ್ನೆ: ಅವರಿಬ್ಬರು ಇಡೀ ಬ್ರಿಟಿಷ್ ಸಾಮ್ರಾಜ್ಯದಲ್ಲೇ ಮೊದಲ ಮಹಿಳಾ ಪದವೀಧರೆಯರು ಅಂತ ಕ್ವಿಜ್ ಪುಸ್ತಕದಲ್ಲಿ ಓದಿದೀನಿ. ನೀವು ಬರೀ ‘ದೇಶದ ಮೊದಲ’ ಅಂತ ಯಾಕೆ ಬರೆದ್ರಿ?
(ಕೆಎಎಸ್ ತಯಾರಿಯಲ್ಲಿರುವ ಓದುಗ, ವಿಜಯಪುರ)

ಉತ್ತರ: ಬೇಕು ಅಂತಾನೇ ಹಾಗೆ ಬರೆದಿದ್ದು ಕಣಪ್ಪ. ಆ ಮಾತು ತುಂಬಾ ಕಡೆ ಇದೆ, ಸರಿ ಅಲ್ಲ. ನ್ಯೂಜಿಲೆಂಡ್‌ನಲ್ಲಿ ಕೇಟ್ ಎಡ್ಜರ್ 1877ರಲ್ಲೇ ಬಿ.ಎ. ತಗೊಂಡಿದ್ರು, ಅದೂ ಬ್ರಿಟಿಷ್ ಸಾಮ್ರಾಜ್ಯವೇ. ಲಂಡನ್ ಯೂನಿವರ್ಸಿಟಿ 1880ರಲ್ಲಿ ನಾಲ್ಕು ಹೆಣ್ಣುಮಕ್ಕಳಿಗೆ ಬಿ.ಎ. ಕೊಡ್ತು. ಹೆಮ್ಮೆ ಪಡೋಕೆ ಬೇರೆ ಲೆಕ್ಕ ಇದೆ, ಆಕ್ಸ್‌ಫರ್ಡ್ ಹೆಣ್ಣುಮಕ್ಕಳಿಗೆ ಡಿಗ್ರಿ ಕೊಟ್ಟಿದ್ದು 1920ರಲ್ಲಿ, ಕೇಂಬ್ರಿಡ್ಜ್ 1948ರಲ್ಲಿ. ಪರೀಕ್ಷೆಯಲ್ಲಿ ಆಪ್ಷನ್ ಕೊಟ್ಟಿದ್ರೆ ‘ಭಾರತದ ಮೊದಲ’ ಅನ್ನೋದನ್ನೇ ಟಿಕ್ ಮಾಡಿ, ಕೀ ಆನ್ಸರ್ ತಪ್ಪಿದ್ರೆ ಆಕ್ಷೇಪಣೆ ಹಾಕಿ.

ಪ್ರಶ್ನೆ: ಬಂಗಾಳದವರ ಕಾಲೇಜು ಕಥೆ ನಮಗ್ಯಾಕೆ? ನಮ್ಮ ಮೈಸೂರು ಮಹಾರಾಣಿ ಕಾಲೇಜು ಇಲ್ವಾ?
(ನಿವೃತ್ತ ಬ್ಯಾಂಕ್ ನೌಕರರು, ಮೈಸೂರು)

ಉತ್ತರ: ಸರಿಯಾದ ಜಾಗದಿಂದಲೇ ಕೇಳಿದ್ರಿ ಸರ್, ಯಾಕಂದ್ರೆ ಬೆಥೂನ್ ಕಾಲೇಜಿನ ಒಬ್ಬ ಹುಡುಗಿ ಕೆಲಸ ಮಾಡೋಕೆ ನಿಮ್ಮ ಮಹಾರಾಣಿ ಶಾಲೆಗೇ ಬಂದಿದ್ರು.

ಹೆಸರು ಸರಳಾದೇವಿ, ರವೀಂದ್ರನಾಥ ಟಾಗೋರರ ಅಕ್ಕನ ಮಗಳು. ಬೆಥೂನ್‌ನಲ್ಲಿ ಓದಿ 1890ರಲ್ಲಿ ಇಂಗ್ಲಿಷ್ ಆನರ್ಸ್ ಜೊತೆ ಬಿ.ಎ. ಮಾಡಿದ್ರು. ಮನೆಯಲ್ಲಿ ದುಡ್ಡಿಗೇನೂ ಕಮ್ಮಿ ಇರಲಿಲ್ಲ, ಟಾಗೋರ್ ಮನೆತನ ಅಂದ್ರೆ ಕೇಳ್ಬೇಕಾ. ಆದ್ರೂ ಗಂಡಸರ ಹಾಗೆ ತಾನೂ ದುಡಿದು ಸ್ವತಂತ್ರವಾಗಿ ಬದುಕಬೇಕು ಅನ್ನೋ ಹಟ. 1890ರ ದಶಕದ ನಡುವೆ ಅಷ್ಟು ದೂರದ ಮೈಸೂರಿಗೆ ಬಂದು ಮಹಾರಾಣಿ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸಕ್ಕೆ ಸೇರಿದ್ರು. ಜಾಸ್ತಿ ಕಾಲ ಇರಲಿಲ್ಲ, ಒಂದು ರಾತ್ರಿ ಮನೆಗೆ ಯಾರೋ ನುಗ್ಗಿದ ಘಟನೆ ಆದ್ಮೇಲೆ ವಾಪಸ್ ಹೋದ್ರು. ಹೋಗುವಾಗ ಬರಿಗೈಲಿ ಹೋಗಲಿಲ್ಲ, ಇಲ್ಲಿ ಕೇಳಿದ ಹಾಡಿನ ಮಟ್ಟುಗಳನ್ನ ಕಲಿತು ಹೋಗಿ ಮಾವನಿಗೆ ಹಾಡಿ ತೋರಿಸಿದ್ರು, ಅವರು ಆ ಮಟ್ಟುಗಳಿಗೆ ಬಂಗಾಳಿ ಪದ ಕಟ್ಟಿದ್ರು. ಬಂಗಾಳದ ಮನೆಮನೆಯಲ್ಲಿ ಇವತ್ತಿಗೂ ಹಾಡೋ ‘ಆನಂದಲೋಕೇ ಮಂಗಳಾಲೋಕೇ’ ಅದರಲ್ಲಿ ಒಂದು. ಅದರ ರಾಗ ಮೈಸೂರಿನದು ಅಂತ ಕಲ್ಕತ್ತಾದವರಿಗೆ ಗೊತ್ತು, ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿದೆಯೋ.

ಮಹಾರಾಣಿ ಶಾಲೆಯ ಕಥೆನೂ ಅದೇ ದಾರಿಯದು. 1881ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ರು ಅರಮನೆಯ ಬೆಂಬಲದಿಂದ ಶುರು ಮಾಡಿದ್ದು, ಆಮೇಲೆ ಸರ್ಕಾರ ವಹಿಸ್ಕೊಂಡಿದ್ದು. ಮೈಸೂರು ಕಲ್ಕತ್ತಾ ನಡುವೆ ಆಗ ಮೇಷ್ಟ್ರುಗಳ ಓಡಾಟಾನೂ ಜೋರಾಗಿತ್ತು. ಕೂಚ್ ಬೆಹಾರ್‌ನಲ್ಲಿ ಅಲ್ಲಿನ ಮಹಾರಾಜರು 1888ರಲ್ಲಿ ಕಟ್ಟಿದ ವಿಕ್ಟೋರಿಯಾ ಕಾಲೇಜಿಗೆ ತುಂಬಾ ವರ್ಷ ಪ್ರಿನ್ಸಿಪಾಲ್ ಆಗಿದ್ದ ಬ್ರಜೇಂದ್ರನಾಥ ಸೀಲ್, ಆಮೇಲೆ ಕಲ್ಕತ್ತಾ ಯೂನಿವರ್ಸಿಟಿಯಲ್ಲಿ ತತ್ವಶಾಸ್ತ್ರದ ಪ್ರೊಫೆಸರ್ ಆಗಿ, 1921ರಲ್ಲಿ ಮೈಸೂರು ವಿವಿಗೆ ವೈಸ್ ಚಾನ್ಸಲರ್ ಆಗಿ ಬಂದ್ರು. ಅವರು ಖಾಲಿ ಮಾಡಿದ ಕಲ್ಕತ್ತಾದ ಕುರ್ಚಿಗೆ ಅದೇ ವರ್ಷ ಇಲ್ಲಿಂದ ಹೋಗಿ ಕೂತಿದ್ದು ಯಾರು ಗೊತ್ತಲ್ಲ, ಮಹಾರಾಜಾ ಕಾಲೇಜಿನ ರಾಧಾಕೃಷ್ಣನ್. ಆ ಕೂಚ್ ಬೆಹಾರ್ ಕಾಲೇಜು ಈಗ ಸರ್ಕಾರಿ ಕಾಲೇಜು, ಹೆಸರು ಆಚಾರ್ಯ ಬ್ರಜೇಂದ್ರನಾಥ ಸೀಲ್ ಕಾಲೇಜು. ಅಲ್ಲಿ ಅವರ ಹೆಸರಲ್ಲಿ ಒಂದು ಕಾಲೇಜೇ ಇದೆ. ಮೈಸೂರಲ್ಲಿ ಏನಿದೆ ಅಂತ ನೀವೇ ಹೇಳಿ ಸರ್, ನೀವು ಅಲ್ಲೇ ಇರೋರು.

ಪ್ರಶ್ನೆ: ಯಜಮಾನರಿಗೆ ಕೋಲ್ಕತ್ತಾಗೆ ಟ್ರಾನ್ಸ್‌ಫರ್ ಆಗಿದೆ. ಮಗಳಿಗೆ ಡಿಗ್ರಿಗೆ ಸೀಟು ಹುಡುಕ್ತಿದ್ದೀವಿ. ಒಂದೊಂದು ಕಾಲೇಜಿನ ಹೆಸರಿನ ಕೆಳಗೆ ‘ಗೌರ್ಮೆಂಟ್ ಸ್ಪಾನ್ಸರ್ಡ್’ ಅಂತ ಇರುತ್ತೆ. ಅದು ಗೌರ್ಮೆಂಟಾ, ಪ್ರೈವೇಟಾ, ಡೊನೇಷನ್ ಕೇಳ್ತಾರಾ? ಬಂಗಾಳಿ ಬರಲ್ಲ, ಅದೂ ಒಂದು ಚಿಂತೆ.
(ಗೃಹಿಣಿ, ಈಗ ಕೋಲ್ಕತ್ತಾದ ಗಡಿಯಾದಲ್ಲಿ)

ಉತ್ತರ: ಅಕ್ಕ, ಹೆದರ್ಕೋಬೇಡಿ. ಅಲ್ಲಿ ಮೂರು ಥರ ಇದೆ. ಬೆಥೂನ್, ಲೇಡಿ ಬ್ರೆಬೋರ್ನ್ ಥರದ್ದು ಪಕ್ಕಾ ಸರ್ಕಾರಿ, ಮೇಷ್ಟ್ರುಗಳು ಪಬ್ಲಿಕ್ ಸರ್ವಿಸ್ ಕಮಿಷನ್ ಮೂಲಕ ಬಂದವರು, ಒಂದು ಕಾಲೇಜಿಂದ ಇನ್ನೊಂದಕ್ಕೆ ಟ್ರಾನ್ಸ್‌ಫರ್ ಆಗ್ತಾರೆ. ಇನ್ನೊಂದು ಏಡೆಡ್, ನಮ್ಮ ಅನುದಾನಿತ ಕಾಲೇಜಿನ ಹಾಗೆ. ಸ್ಪಾನ್ಸರ್ಡ್ ಅನ್ನೋದು ಇವೆರಡರ ನಡುವಿನದು: ಕಾಲೇಜಿಗೆ ಅಂತ ಒಂದು ಗವರ್ನಿಂಗ್ ಬಾಡಿ ಇರುತ್ತೆ, ಅದರಲ್ಲಿ ಸರ್ಕಾರ ನೇಮಿಸಿದವರು, ಯೂನಿವರ್ಸಿಟಿಯವರು, ಮೇಷ್ಟ್ರುಗಳ ಪ್ರತಿನಿಧಿಗಳು ಕೂತಿರ್ತಾರೆ. ಸಂಬಳ ಸರ್ಕಾರದ್ದು, ಮೇಷ್ಟ್ರುಗಳನ್ನ ಆರಿಸೋದು ಕಾಲೇಜ್ ಸರ್ವಿಸ್ ಕಮಿಷನ್ ಅಂತ ರಾಜ್ಯಮಟ್ಟದ ಒಂದು ಸಂಸ್ಥೆ. ನಮ್ಮಲ್ಲಿ ಅನುದಾನಿತ ಅಂದ್ರೆ ಹಿಂದೆ ಒಂದು ಮಠ ಇರುತ್ತೆ ಇಲ್ಲ ಕೆಎಲ್‌ಇ ಥರ ಒಂದು ಸೊಸೈಟಿ ಇರುತ್ತೆ, ಅವರ ಮಾತೇ ನಡೆಯೋದು. ಬಂಗಾಳದ ಸ್ಪಾನ್ಸರ್ಡ್ ಕಾಲೇಜಿಗೆ ಹಾಗೆ ಒಬ್ಬ ಮಾಲೀಕ ಅಂತ ಯಾರೂ ಇಲ್ಲ, ಇದ್ದಿದ್ದು ಊರವರು, ಈಗ ಸರ್ಕಾರ. ರಾಜಕೀಯ ಪಕ್ಷದವರು ಗವರ್ನಿಂಗ್ ಬಾಡಿಯೊಳಗೆ ಬಂದು ಕೂರ್ತಾರೆ ಅನ್ನೋ ದೂರು ಆಗಿನಿಂದ್ಲೂ ಇದೆ, ಯಾವ ಪಕ್ಷ ಬಂದ್ರೂ ಅಷ್ಟೇ.

ನೀವು ಗಡಿಯಾದಲ್ಲೇ ಇದ್ದೀರಲ್ಲ, ಹಾಗಾದ್ರೆ ಈ ಕಥೆ ನಿಮ್ಮ ಮನೆ ಸುತ್ತಮುತ್ತದ್ದೇ. 1947ರಲ್ಲಿ ಬಂಗಾಳ ಎರಡು ಭಾಗ ಆಯ್ತು, ಪೂರ್ವ ಬಂಗಾಳದಿಂದ ಜನ ಬರೋಕೆ ಶುರುವಾಯ್ತು, 1950ರ ಗಲಾಟೆ ಆದ್ಮೇಲಂತೂ ಸಾಲು ಸಾಲು. ಸಿಯಾಲ್ದಾ ಸ್ಟೇಷನ್ ಪ್ಲಾಟ್‌ಫಾರಂ ಮೇಲೇ ಸಂಸಾರ. ಊರಿನ ದಕ್ಷಿಣ ಭಾಗ ಆಗ ಗದ್ದೆ, ಕೆರೆ, ಬಿದಿರು ಮೆಳೆ. ಜಾದವ್‌ಪುರದ ಪಕ್ಕ ಎರಡನೇ ಮಹಾಯುದ್ಧದ ಕಾಲದ ಮಿಲಿಟರಿ ಕ್ಯಾಂಪ್ ಖಾಲಿ ಬಿದ್ದಿತ್ತು, ನಿರಾಶ್ರಿತರು ಅದರೊಳಗೆ ಹೋಗಿ ಕೂತ್ಕೊಂಡ್ರು, ಅದೇ ವಿಜಯಗಢ, ಬಂಗಾಳಿಗರ ಬಾಯಲ್ಲಿ ಬಿಜೊಯ್‌ಗೊಡ್. ಇರೋಕೆ ಸರಿಯಾದ ಸೂರಿಲ್ಲ, ನಲ್ಲಿ ಇಲ್ಲ, ಆದ್ರೂ ಕಾಲೋನಿಯವರು ಶಾಲೆ ಮಾಡ್ಕೊಂಡ್ರು, 1950ರಲ್ಲಿ ಕಾಲೇಜೂ ಮಾಡ್ಕೊಂಡ್ರು. ಅದು ಈಗ ಬಿಜೊಯ್‌ಗೊಡ್ ಜ್ಯೋತಿಷ್ ರಾಯ್ ಕಾಲೇಜು. ಜಮೀನು ಬಿಟ್ಟು ಬಂದವರಿಗೆ ಮಕ್ಕಳ ಕೈಯಲ್ಲಿ ಒಂದು ಡಿಗ್ರಿ ಇದ್ರೆ ಗುಮಾಸ್ತಗಿರಿನೋ ಮೇಷ್ಟ್ರ ಕೆಲಸನೋ ಸಿಗುತ್ತೆ, ಮನೆ ನಡೆಯುತ್ತೆ ಅನ್ನೋ ಲೆಕ್ಕ. ತುಂಬಾ ಮನೆಗಳಲ್ಲಿ ಮೊದಲ ಸಲ ದುಡಿಯೋಕೆ ಹೊರಗೆ ಹೋಗಿದ್ದು ಹೆಣ್ಣುಮಕ್ಕಳು, ಅವರಿಗೂ ಓದು ಬೇಕಿತ್ತು.

ಅತ್ತ ಊರಿನ ಮಧ್ಯದ ಕಾಲೇಜುಗಳು, ಸಿಟಿ, ಬಂಗಬಾಸಿ, ಸುರೇಂದ್ರನಾಥ್, ವಿದ್ಯಾಸಾಗರ್, ತುಂಬಿ ತುಳುಕ್ತಿದ್ವು, ಬೆಳಿಗ್ಗೆ ಒಂದು ಶಿಫ್ಟು, ಹಗಲು ಒಂದು, ಸಂಜೆ ಒಂದು. ಇದೇನು ಹೊಸ ಕಾಯಿಲೆ ಅಲ್ಲ, 1919ರಲ್ಲೇ, ಕಲ್ಕತ್ತಾ ಯೂನಿವರ್ಸಿಟಿ ಸ್ಥಿತಿ ನೋಡೋಕೆ ಸರ್ಕಾರ ನೇಮಿಸಿದ್ದ ಸ್ಯಾಡ್ಲರ್ ಕಮಿಷನ್, ಕಲ್ಕತ್ತಾದಲ್ಲಿ ವಿದ್ಯಾರ್ಥಿಗಳ ನೂಕುನುಗ್ಗಲು ಜಾಸ್ತಿ ಆಗಿದೆ ಅಂತ ಬರೆದಿಟ್ಟಿತ್ತು, ವಿಭಜನೆ ಆದ್ಮೇಲೆ ಅದು ಕೈ ಮೀರಿತು. ಆಗ ರಾಜ್ಯ ಸರ್ಕಾರ, ಕೇಂದ್ರದ ಪುನರ್ವಸತಿ ಇಲಾಖೆ ಎರಡೂ ಸೇರಿ ಕಾಲೇಜುಗಳನ್ನ ಊರಾಚೆ ಹರಡೋ ಸ್ಕೀಂ ಮಾಡಿದ್ವು. ನಿಮ್ಮ ಗಡಿಯಾದ ದೀನಬಂಧು ಆಂಡ್ರೂಸ್ ಕಾಲೇಜು ಹಾಗೆ 1956ರಲ್ಲಿ ಹುಟ್ಟಿದ್ದು. ದಮ್‌ದಮ್‌ನ ಸರೋಜಿನಿ ನಾಯ್ಡು ಮಹಿಳಾ ಕಾಲೇಜೂ ಅದೇ ವರ್ಷದ್ದು. ಆಂಡ್ರೂಸ್ ಅಂದ್ರೆ ಗಾಂಧೀಜಿ ಗೆಳೆಯ ಸಿ.ಎಫ್. ಆಂಡ್ರೂಸ್, ಶಾಂತಿನಿಕೇತನದಲ್ಲಿದ್ದವರು, ಫಿಜಿ ಮತ್ತೆ ದಕ್ಷಿಣ ಆಫ್ರಿಕಾದ ಕೂಲಿ ಕಾರ್ಮಿಕರಿಗಾಗಿ ಓಡಾಡಿದವರು. ಊರು ಬಿಟ್ಟು ಬಂದವರ ಮಕ್ಕಳ ಕಾಲೇಜಿಗೆ ಅವರ ಹೆಸರು ಇಟ್ಟಿದ್ದು ಸರಿಯಾಗೇ ಇದೆ.

ಈಗ ಸೀಟಿನ ವಿಷಯ. 2024ರಿಂದ ಅಲ್ಲಿ ಸರ್ಕಾರಿ, ಸ್ಪಾನ್ಸರ್ಡ್, ಏಡೆಡ್ ಕಾಲೇಜುಗಳಿಗೆ ರಾಜ್ಯ ಸರ್ಕಾರದ್ದೇ ಒಂದೇ ಆನ್‌ಲೈನ್ ಪೋರ್ಟಲ್, ಪಿಯುಸಿ ಮಾರ್ಕ್ಸ್ ಮೇಲೆ ಮೆರಿಟ್ ಲಿಸ್ಟ್. ಸ್ವಾಯತ್ತ ಕಾಲೇಜು, ಅಲ್ಪಸಂಖ್ಯಾತ ಸಂಸ್ಥೆಗಳು ಅದರ ಹೊರಗೆ. ಯಾರಾದ್ರೂ ‘ನಾನು ಸೀಟು ಮಾಡಿಸ್ತೀನಿ, ಇಷ್ಟು ಕೊಡಿ’ ಅಂದ್ರೆ ಅವರ ಹತ್ರ ಮಾತೇ ಬೇಡ, ಕಾಲೇಜು ಗೇಟಲ್ಲಿ ನಿಂತು ಹಾಗೆ ದುಡ್ಡು ಕೀಳ್ತಿದ್ದವರ ಕಾಟ ತಪ್ಪಿಸ್ಬೇಕು ಅಂತ ತುಂಬಾ ವರ್ಷದಿಂದ ಕೂಗಿತ್ತು. ಭಾಷೆ ಬಗ್ಗೆ ಹೇಳ್ಬೇಕು ಅಂದ್ರೆ, ಸೈನ್ಸು ಕಾಮರ್ಸು ಆದ್ರೆ ಪುಸ್ತಕ ಇಂಗ್ಲಿಷಲ್ಲೇ ಇರುತ್ತೆ. ಆರ್ಟ್ಸ್ ಆದ್ರೆ ಕ್ಲಾಸಲ್ಲಿ ಮೇಡಂಗಳು ಅರ್ಧಕ್ಕರ್ಧ ಬಂಗಾಳಿಯಲ್ಲೇ ಹೇಳ್ತಾರೆ, ನಮ್ಮಲ್ಲಿ ಕನ್ನಡದಲ್ಲಿ ಹೇಳಲ್ವಾ ಹಾಗೆ. ಮಗಳಿಗೆ ಮೊದಲ ಸೆಮಿಸ್ಟರ್ ಕಷ್ಟ ಆಗುತ್ತೆ, ಪೂಜೆ ರಜೆ ಮುಗಿಯೋದ್ರೊಳಗೆ ನಿಮಗೇ ಬಂಗಾಳಿ ಕಲಿಸ್ತಾಳೆ ನೋಡಿ.

ಪ್ರಶ್ನೆ: ಇವೆಲ್ಲ ಬ್ರಿಟಿಷರಿಗೆ ಗುಮಾಸ್ತರನ್ನ, ಅವರಿಗೆ ತಲೆಬಾಗೋರನ್ನ ತಯಾರು ಮಾಡೋಕೆ ಮಾಡಿದ ಕಾಲೇಜುಗಳು. ನೀವು ಬೆಥೂನ್ ಸಾಹೇಬನನ್ನ ಹೊಗಳೋದು ಸರಿನಾ?
(ಓದುಗರು, ಬಾಗಲಕೋಟೆ)

ಉತ್ತರ: ಗುಮಾಸ್ತರು ಬೇಕಿತ್ತು ಅನ್ನೋದು ನಿಜ, ಆದ್ರೆ 1849ರಲ್ಲಿ ಹೆಣ್ಣುಮಕ್ಕಳನ್ನ ಯಾವ ಸಾಹೇಬನೂ ಗುಮಾಸ್ತರಾಗಿ ತಗೊಳ್ತಿರಲಿಲ್ಲ, ಆ ವಾದ ಇಲ್ಲಿ ಒಪ್ಪಲ್ಲ. ಬೆಥೂನ್ ಪಾಠ ಬಂಗಾಳಿಯಲ್ಲೇ ಇರಬೇಕು ಅಂದವರು. ಇಂಗ್ಲಿಷಲ್ಲಿ ಕಾವ್ಯ ಬರೀತಿದ್ದ ಮೈಕೇಲ್ ಮಧುಸೂದನ ದತ್ತರಿಗೆ ‘ನಿಮ್ಮ ಭಾಷೆಯಲ್ಲಿ ಬರೀರಿ’ ಅಂತ ಬುದ್ಧಿ ಹೇಳಿದವರಲ್ಲಿ ಅವರೂ ಒಬ್ಬರು, ದತ್ತರು ಮುಂದೆ ಬಂಗಾಳಿಯ ಮಹಾಕವಿ ಆದ್ರು. ಆಗ ಶಾಲೆಯನ್ನ ಗೇಲಿ ಮಾಡಿದ್ದು ನಮ್ಮವರೇ. ಹೆಸರಾಂತ ಕವಿಯೊಬ್ಬರು ಈ ಹುಡುಗೀರು ಎಬಿಸಿಡಿ ಕಲಿತು ನಾಳೆ ತಾವೇ ಗಾಡಿ ಓಡಿಸ್ಕೊಂಡು ಮೈದಾನಕ್ಕೆ ಗಾಳಿ ತಿನ್ನೋಕೆ ಹೋಗ್ತಾರೆ ಅಂತ ಹಾಡು ಕಟ್ಟಿದ್ರು. ಈಗ ಓದಿದ್ರೆ ಭವಿಷ್ಯ ಹೇಳಿದ ಹಾಗಿದೆ, ಕೋಲ್ಕತ್ತಾ ಮೈದಾನದಲ್ಲಿ ದಿನಾ ಬೆಳಿಗ್ಗೆ ಅದೇ ನಡೀತಿದೆ.

ತಲೆಬಾಗೋ ವಿಷಯಕ್ಕೆ ಬಂದ್ರೆ, ಪ್ರೀತಿಲತಾ ವಾಡ್ಡೇದಾರ್ ಇದೇ ಬೆಥೂನ್‌ನಲ್ಲಿ ಓದಿದವರು. 1932ರ ಸೆಪ್ಟೆಂಬರ್‌ನಲ್ಲಿ ಚಿತ್ತಗಾಂಗ್‌ನ ಪಹಾಡ್‌ತಲಿ ಯುರೋಪಿಯನ್ ಕ್ಲಬ್ ಮೇಲೆ ದಾಳಿಯ ಮುಂದಾಳತ್ವ ವಹಿಸಿ, ಪೊಲೀಸರ ಕೈಗೆ ಸಿಗಬಾರದು ಅಂತ ಸಯನೈಡ್ ನುಂಗಿದ್ರು, ವಯಸ್ಸು 21. ಅದೇ ವರ್ಷ ಫೆಬ್ರವರಿಯಲ್ಲಿ ಯೂನಿವರ್ಸಿಟಿ ಘಟಿಕೋತ್ಸವದಲ್ಲಿ ಗವರ್ನರ್ ಸ್ಟ್ಯಾನ್ಲಿ ಜಾಕ್ಸನ್ ಭಾಷಣ ಮಾಡ್ತಿದ್ದಾಗ ಪಿಸ್ತೂಲ್ ಹಾರಿಸಿದ ಬೀನಾ ದಾಸ್ ಕೂಡ ಬೆಥೂನ್‌ನಲ್ಲಿ ಓದಿದವರು. ಗುರಿ ತಪ್ಪಿತು, ಜೈಲಿಗೆ ಹೋದ್ರು. ಇಬ್ಬರ ಡಿಗ್ರಿಯನ್ನೂ ಬ್ರಿಟಿಷರು ತಡೆಹಿಡಿದ್ರು. ಕಲ್ಕತ್ತಾ ಯೂನಿವರ್ಸಿಟಿ ಆ ಸರ್ಟಿಫಿಕೇಟ್‌ಗಳನ್ನ ಕೊಟ್ಟಿದ್ದು 2012ರಲ್ಲಿ, ಅವರಿಬ್ಬರೂ ತೀರಿಕೊಂಡು ಎಷ್ಟೋ ವರ್ಷ ಆದ್ಮೇಲೆ. ಸ್ವತಂತ್ರ ಬಂದ ಮರುವರ್ಷವೇ ಕೊಡಬಹುದಿತ್ತಲ್ಲ ಅಂತ ಬೇಕಾದ್ರೆ ಕೇಳಿ, ಆ ಪ್ರಶ್ನೆಗೆ ಸಾಹೇಬರು ಜವಾಬ್ದಾರಿ ಅಲ್ಲ.

ಬೈಯೋಕೆ ಸರಿಯಾದ ಜಾಗ ಬೇರೆ ಇದೆ. ಮುಸ್ಲಿಂ ಹುಡುಗೀರು ಬೆಥೂನ್ ಒಳಗೆ ಬರೋಕೆ ತುಂಬಾ ತಡ ಆಯ್ತು. ಫಜಿಲತುನ್ನೇಸಾ ಅನ್ನೋ ಹುಡುಗಿ ಅಲ್ಲಿ ಬಿ.ಎ. ಓದಿ, ಢಾಕಾದಲ್ಲಿ ಗಣಿತ ಎಂ.ಎ. ಮಾಡಿದ್ದು 1920ರ ದಶಕದಲ್ಲಿ, ಅಂದ್ರೆ ಶಾಲೆ ಶುರುವಾಗಿ ಮುಕ್ಕಾಲು ಶತಮಾನ ಆದ್ಮೇಲೆ. ಮುಸ್ಲಿಂ ಹೆಣ್ಣುಮಕ್ಕಳನ್ನ ಮನಸ್ಸಲ್ಲಿಟ್ಟು ಸರ್ಕಾರ ಲೇಡಿ ಬ್ರೆಬೋರ್ನ್ ಕಾಲೇಜು ತೆಗೆದಿದ್ದು 1939ರಲ್ಲಿ, ಫಜ್ಲುಲ್ ಹಕ್ ಬಂಗಾಳ ಪ್ರಾಂತ್ಯದ ಪ್ರಧಾನಿ (ಈಗಿನ ಮುಖ್ಯಮಂತ್ರಿ ಥರ) ಆಗಿದ್ದಾಗ. ಈಗ ಅಲ್ಲಿ ಎಲ್ಲಾ ಧರ್ಮದ ಹುಡುಗೀರೂ ಓದ್ತಾರೆ.

ಪ್ರಶ್ನೆ: ಬೆಥೂನ್ ಕಾಲೇಜಿಗೆ ಹುಡುಗರು ಸೇರಬಹುದಾ?
(ದ್ವಿತೀಯ ಪಿಯುಸಿ ವಿದ್ಯಾರ್ಥಿ, ಹಾಸನ)

ಉತ್ತರ: ಇಲ್ಲಪ್ಪ. ಅಲ್ಲಿಂದ ಹೆದುವಾ ಕೆರೆ ಸುತ್ತಿ ಸ್ವಲ್ಪ ನಡೆದ್ರೆ ವಿವೇಕಾನಂದರು ಓದಿದ ಸ್ಕಾಟಿಷ್ ಚರ್ಚ್ ಕಾಲೇಜು ಸಿಗುತ್ತೆ, ಅಲ್ಲಿ ಟ್ರೈ ಮಾಡು. ಮೊದಲು ಪಿಯುಸಿ ಪಾಸಾಗು.